ಕೋಳಿ ಬಿಡುವ ಹಿತ್ತಲಲ್ಲಿ ಕಪ್ಪೆ, ಹಾವುರಾಣಿ, ಚಿಟ್ಟೆಗಳೂ ಉಳಿಯಬೇಕೆ? ಸಮಗ್ರ ಮಾರ್ಗದರ್ಶಿ

ಹಿತ್ತಲಲ್ಲಿ ಕೋಳಿ ಬಿಟ್ಟರೆ ಹುಳುಹುಪ್ಪಟೆ ಕಡಿಮೆಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಕಡಿಮೆಯಾಗುವುದು ಗಿಡಕ್ಕೆ ಕಾಟ ಕೊಡುವ ಹುಳು ಮಾತ್ರ ಅಲ್ಲ. ಬೇರು ತಿನ್ನುವ ಹುಳು, ಆ ಹುಳುವನ್ನೇ ತಿನ್ನುವ ದುಂಬಿ, ಮಣ್ಣೊಳಗೆ ಮಲಗಿರುವ ಪತಂಗದ ಕೋಶ, ಇವೆಲ್ಲ ಕೋಳಿಗೆ ಒಂದೇ. ಬಾಯಿಗೆ ಹಿಡಿಸುವಷ್ಟು ಸಣ್ಣದಿದ್ದು ಅಲುಗಾಡಿದರೆ ಅದು ತಿಂಡಿ. ಸಣ್ಣ ಕಪ್ಪೆ, ಹಾವುರಾಣಿ, ಹಲ್ಲಿ, ಹಾವಿನ ಮರಿ, ಇಲಿಮರಿ, ಗೂಡಿನಿಂದ ಬಿದ್ದ ಹಕ್ಕಿಮರಿ, ಯಾವುದನ್ನೂ ಬಿಡುವುದಿಲ್ಲ.

ಇದರಲ್ಲಿ ಕೋಳಿಯ ತಪ್ಪು ಏನೂ ಇಲ್ಲ. ನಾವು ಸಾಕುವ ಕೋಳಿಯ ಮೂಲ ಕೆಂಪು ಕಾಡುಕೋಳಿ. ಕಾಡಿನ ನೆಲದಲ್ಲಿ ತರಗೆಲೆ ಕೆದಕಿ ಬದುಕಿದ ಹಕ್ಕಿ ಅದು. ಕೆದಕುವುದು ಅದರ ರಕ್ತದಲ್ಲೇ ಇದೆ. ವ್ಯತ್ಯಾಸ ಏನು ಅಂದರೆ, ಕಾಡಿನಲ್ಲಿ ಸಣ್ಣ ಗುಂಪೊಂದು ದೊಡ್ಡ ಜಾಗದಲ್ಲಿ ಅಲೆಯುತ್ತದೆ, ಒಂದು ಕಡೆ ಕೆದಕಿ ಮುಂದೆ ಹೋಗುತ್ತದೆ. ಹಿತ್ತಲಲ್ಲಿ ಅದೇ ಗುಂಪು ಅದೇ ಪೊದೆಯ ಬುಡವನ್ನು ದಿನಾ ಕೆದಕುತ್ತದೆ. ಅಲ್ಲಿದ್ದ ಜೀವಿಗಳಿಗೆ ಚೇತರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕೋಳಿಯ ಬುದ್ಧಿ ಬದಲಿಸುವ ಉಪಾಯ ಯಾವುದೂ ಇಲ್ಲ. ಅದು ಆಗದ ಕೆಲಸ. ಕೋಳಿ ಎಲ್ಲಿ ಕೆದಕಬೇಕು, ಯಾವ ಹೊತ್ತಿನಲ್ಲಿ ಕೆದಕಬೇಕು ಅನ್ನುವುದನ್ನು ನಾವು ಗೊತ್ತುಮಾಡಬೇಕು. ಉಳಿದದ್ದೆಲ್ಲ ಇದರ ಸುತ್ತ ಬರುವ ವಿವರ.

ಹಂತ 1: ಮೊದಲು ಒಂದು ವಾರ ಸುಮ್ನೆ ನೋಡಿ

ಬೇಲಿಗೆ ತಂತಿ ತರುವ ಮುಂಚೆ ಕೋಳಿಗಳ ಹಿಂದೆ ಸ್ವಲ್ಪ ಓಡಾಡಿ. ಹಿತ್ತಲಿನ ಒಂದು ಒರಟು ನಕ್ಷೆ ಬರೆದುಕೊಂಡು, ಅವು ಎಲ್ಲಿ ಜಾಸ್ತಿ ಹೊತ್ತು ಕಳೆಯುತ್ತವೆ ಅನ್ನುವುದನ್ನು ಗುರುತು ಹಾಕಿ. ಒಂದು ವಿಷಯ ಬೇಗ ಗೊತ್ತಾಗುತ್ತದೆ. ಬಿಟ್ಟ ಕೋಳಿ ಬಟ್ಟಬಯಲಿಗೆ ಹೋಗಲು ಹಿಂಜರಿಯುತ್ತದೆ. ಹದ್ದು ಗಿಡುಗದ ಭಯ ಅದಕ್ಕೆ ಹುಟ್ಟಿನಿಂದಲೇ ಇದೆ. ಪೊದೆಯ ಅಡಿ, ಬೇಲಿಯ ಬುಡ, ಮರದ ನೆರಳು, ಇವೇ ಅದಕ್ಕೆ ಇಷ್ಟ. ಕಪ್ಪೆ, ಓತಿ, ಜೇಡ, ಕೋಶಗಳು ಇರುವುದೂ ಅಲ್ಲೇ. ಹಿತ್ತಲು ದೊಡ್ಡದಿದೆ, ಏನೂ ಆಗಲ್ಲ ಅಂತ ಅಂದುಕೊಳ್ಳುವವರು ಇದನ್ನು ಗಮನಿಸಿರುವುದಿಲ್ಲ. ಜಾಗ ಎಷ್ಟೇ ಇರಲಿ, ಕೋಳಿ ಮತ್ತು ಕಾಡುಜೀವಿಗಳು ಬಯಸುವುದು ಅದರಲ್ಲಿನ ಅದೇ ಚೂರನ್ನು.

ಜೊತೆಗೆ ನಿಮ್ಮ ಹಿತ್ತಲಲ್ಲಿ ಯಾರ್ಯಾರು ಇದ್ದಾರೆ ಅಂತಲೂ ನೋಡಿ. ರಾತ್ರಿ ಟಾರ್ಚ್ ಹಿಡಿದು ಒಂದು ಸುತ್ತು ಹೋದರೆ ನೆಲಗಪ್ಪೆಗಳು ಕಾಣುತ್ತವೆ. ಬಿಸಿಲೇರುವಾಗ ಕಲ್ಲಿನ ಮೇಲೆ ಮೈ ಕಾಯಿಸುವ ಹಾವುರಾಣಿ ಕಾಣುತ್ತದೆ. ಒಣ ಮಣ್ಣಿನಲ್ಲಿ ಪೆನ್ಸಿಲ್ ತೂರಿದಷ್ಟು ಸಣ್ಣ ತೂತುಗಳಿದ್ದರೆ ಅವು ನೆಲದಲ್ಲಿ ಗೂಡು ಮಾಡುವ ಒಂಟಿ ಜೇನ್ನೊಣದ್ದಿರಬಹುದು. ನಯವಾದ ಪುಡಿಮಣ್ಣಿನಲ್ಲಿ ಆಲಿಕೆಯ ಹಾಗೆ ಗುಳಿಗಳಿದ್ದರೆ ಅವು ಗುಬ್ಬಚ್ಚಿ ಹುಳುವಿನವು. ಇವೆಲ್ಲವನ್ನೂ ನಕ್ಷೆಯಲ್ಲಿ ಹಾಕಿ. ಎರಡು ಗುರುತುಗಳೂ ಒಂದರ ಮೇಲೊಂದು ಬಿದ್ದ ಜಾಗದಿಂದಲೇ ಕೆಲಸ ಶುರುವಾಗಬೇಕು.

ಹಂತ 2: ಕೋಳಿ ಎಂದೂ ಹೋಗದ ಒಂದು ಜಾಗ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯ ಇದೆ ಅಂದರೆ ಇದನ್ನು ಮಾಡಿ. ಹಿತ್ತಲಿನ ಒಂದು ಭಾಗವನ್ನು ಪೂರ್ತಿಯಾಗಿ, ವರ್ಷವಿಡೀ, ಕೋಳಿಯಿಂದ ದೂರ ಇಡಿ. ಮೂರರಲ್ಲಿ ಒಂದು ಪಾಲು ಸಿಕ್ಕರೆ ಒಳ್ಳೆಯದು. ಅಷ್ಟು ಆಗದಿದ್ದರೆ ಒಂದು ಮೂಲೆಯಾದರೂ ಸರಿ. ವಾರಕ್ಕೊಮ್ಮೆ ಒಳಗೆ ಬಿಡೋಣ ಅನ್ನುವ ಯೋಚನೆ ಬೇಡ. ಹಸಿದ ನಾಲ್ಕು ಕೋಳಿ ಒಂದೇ ಮಧ್ಯಾಹ್ನದಲ್ಲಿ ತಿಂಗಳುಗಟ್ಟಲೆ ಕೂಡಿದ ತರಗೆಲೆಯನ್ನು ಚದುರಿಸಬಲ್ಲವು.

ಯಾವ ಭಾಗವನ್ನು ಆರಿಸಬೇಕು? ಈಗಾಗಲೇ ಜೀವಿಗಳಿರುವ ಭಾಗವನ್ನೇ. ಹಳೆಯ ಪೊದೆ, ತರಗೆಲೆ ಬೀಳುವ ಮರದಡಿ, ತೇವ ಇರುವ ಮೂಲೆ, ನೀರಿನ ಹೊಂಡದ ಸುತ್ತ. ಖಾಲಿ ಬಿದ್ದ ಬಯಲನ್ನು ಅವಕ್ಕೆ ಬಿಟ್ಟು, ಒಳ್ಳೆಯ ಪೊದೆಯನ್ನು ಕೋಳಿಗೆ ಕೊಟ್ಟರೆ ಏನೂ ಉಪಯೋಗ ಇಲ್ಲ. ಸಾಧ್ಯವಾದರೆ ಆ ಭಾಗ ಹಿತ್ತಲಿನ ಅಂಚಿನಲ್ಲಿರಲಿ. ಪಕ್ಕದ ಹೊಲ, ತೋಟ, ಬೇಲಿಸಾಲಿಗೆ ಅದು ತಾಗಿದ್ದರೆ ಕಪ್ಪೆ, ಓತಿಗಳು ಕೋಳಿಯ ಜಾಗವನ್ನು ದಾಟದೆ ಬಂದು ಹೋಗಬಹುದು.

ಆ ಜಾಗದೊಳಗೆ ಹೀಗೆ ಮಾಡಿ:

ಬಿದ್ದ ಎಲೆಯನ್ನು ಗುಡಿಸಬೇಡಿ. ಅನೇಕ ಚಿಟ್ಟೆ ಪತಂಗಗಳ ಕೋಶಗಳು ತರಗೆಲೆಯಲ್ಲೋ ಅದರಡಿಯ ಮಣ್ಣಿನಲ್ಲೋ ಇರುತ್ತವೆ. ದೊಡ್ಡ ಗಿಡುಗ ಪತಂಗಗಳಲ್ಲಿ ಹೆಚ್ಚಿನವು ಮಣ್ಣೊಳಗೇ ಕೋಶ ಕಟ್ಟುತ್ತವೆ. ಮಿಂಚುಹುಳದ ಮರಿಗಳು ತೇವದ ನೆಲದಲ್ಲಿ ಬಸವನಹುಳು ತಿಂದು ಬೆಳೆಯುತ್ತವೆ.

ಮರದ ತುಂಡುಗಳ ಒಂದು ರಾಶಿ ಹಾಕಿ. ಕೆಳಗಿನ ಸಾಲು ಅರ್ಧ ಮಣ್ಣಿನಲ್ಲಿ ಹೂತಿರಲಿ, ನಡುವೆ 3ರಿಂದ 5 ಸೆಂಟಿಮೀಟರ್ ಸಂದು ಇರಲಿ. ಕೆಳಗೆ ತಣ್ಣಗೆ ತೇವವಾಗಿರುವುದರಿಂದ ನೆಲಗಪ್ಪೆ ಹಗಲು ಅಲ್ಲೇ ಕೂರುತ್ತದೆ. ಒಣ ಪ್ರದೇಶವಾದರೆ ಜೊತೆಗೆ ಒಂದು ಕಲ್ಲಿನ ರಾಶಿಯೂ ಇರಲಿ, ಬಿಸಿಲು ಬೀಳುವ ಕಡೆ. ಹಾವುರಾಣಿ ಮೈ ಕಾಯಿಸಲು ಮೇಲೆ ಬರುತ್ತದೆ, ಗಾಬರಿಯಾದರೆ ಸಂದಿಗೆ ನುಗ್ಗುತ್ತದೆ.

ಚಿಟ್ಟೆಯ ಮರಿಹುಳುಗಳಿಗೆ ಬೇಕಾದ ಕುಳ್ಳ ಗಿಡಗಳನ್ನು ಇಲ್ಲಿಗೇ ತನ್ನಿ. ಹೊರಗಡೆ ಇರುವ ಗಿಡಗಳಲ್ಲಿ ಕೋಳಿ ಕತ್ತು ಚಾಚಿ, ಹಾರಿ, ಕೆಳಗಿನ ಕೊಂಬೆಗಳ ಹುಳುವನ್ನೆಲ್ಲ ಆರಿಸಿ ತಿನ್ನುತ್ತದೆ. ಎತ್ತರದ ಗಿಡಗಳಿಗೆ ಅಷ್ಟು ಭಯವಿಲ್ಲ.

ಹಂತ 3: ಬೇಲಿ, ಆದರೆ ಕಪ್ಪೆಗೆ ದಾರಿ ಇರುವ ಬೇಲಿ

ಬೇಲಿಯ ಕೆಲಸ ಕೋಳಿಯನ್ನು ತಡೆಯುವುದು. ಉಳಿದವರು ಓಡಾಡುತ್ತಲೇ ಇರಬೇಕು. 5 ಸೆಂಟಿಮೀಟರ್ ಕಣ್ಣಿನ ಗಟ್ಟಿ ತಂತಿ ಜಾಲರಿ ಇದಕ್ಕೆ ಸರಿಹೋಗುತ್ತದೆ. ದೊಡ್ಡ ಕೋಳಿ ಅದರಲ್ಲಿ ನುಸುಳಲಾರದು. ಕಪ್ಪೆ, ಓತಿ, ಸಣ್ಣ ಹಾವು ಸಲೀಸಾಗಿ ದಾಟುತ್ತವೆ. ಕೋಳಿಮರಿಗಳೂ ದಾಟುತ್ತವೆ ಅನ್ನುವುದು ನೆನಪಿರಲಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ನೈಲಾನ್ ಅಥವಾ ಪ್ಲಾಸ್ಟಿಕ್ ಬಲೆ ಬೇಡವೇ ಬೇಡ. ಅಗ್ಗ ಅಂತ ತುಂಬ ಜನ ಅದನ್ನೇ ಕಟ್ಟುತ್ತಾರೆ. ಅದರ ಸಡಿಲ ಎಳೆಗಳಲ್ಲಿ ಹಾವು ಅರ್ಧ ತೂರಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಸರಿಯಲು ಹೋದರೆ ಹುರುಪೆಗೆ ಎಳೆ ತೊಡರಿಕೊಂಡು ಇನ್ನಷ್ಟು ಬಿಗಿಯಾಗುತ್ತದೆ. ಬಿಸಿಲಲ್ಲಿ ಅಲ್ಲೇ ಸಾಯುತ್ತದೆ. ಓತಿ, ಹಕ್ಕಿಗಳ ಗತಿಯೂ ಅಷ್ಟೇ. ಕಾಪಾಡಲು ಕಟ್ಟಿದ ಬೇಲಿಯೇ ಕೊಲ್ಲುವಂತಾಗಬಾರದು.

ಎತ್ತರ ಕೋಳಿಯ ತಳಿಯ ಮೇಲೆ ಹೋಗುತ್ತದೆ. ಭಾರದ ತಳಿಗಳಿಗೆ 1.2 ಮೀಟರ್ ಸಾಕು. ಹಗುರ ಮೈಯ, ಹಾರುವ ತಳಿಗಳಿಗೆ 1.8 ಮೀಟರ್ ಬೇಕಾಗುತ್ತದೆ. ಬೇಲಿಯ ಮೇಲಂಚಿಗೆ ಅಡ್ಡ ಮರದ ಪಟ್ಟಿ ಹೊಡೆಯಬೇಡಿ. ಕೋಳಿ ಒಂದೇ ನೆಗೆತಕ್ಕೆ ಬೇಲಿ ದಾಟುವುದು ಕಡಿಮೆ. ಮೊದಲು ಮೇಲೆ ಕೂತು, ಆಮೇಲೆ ಆಚೆ ಇಳಿಯುತ್ತದೆ. ಕೂರಲು ಗಟ್ಟಿ ಅಂಚು ಇಲ್ಲದೆ ಜಾಲರಿ ಅಲುಗಾಡುತ್ತಿದ್ದರೆ ಪ್ರಯತ್ನವನ್ನೇ ಬಿಡುತ್ತದೆ. ಬೇಲಿಯ ಪಕ್ಕದಲ್ಲಿ ಡಬ್ಬ, ಕಲ್ಲು, ಬಾಗಿದ ಕೊಂಬೆ ಇಲ್ಲದಂತೆ ನೋಡಿಕೊಳ್ಳಿ.

ಕೋಳಿ ಜಾಲರಿಯ ಕಣ್ಣಿನೊಳಗೆ ತಲೆ ತೂರಿಸಿ ಕುಕ್ಕುತ್ತದೆ. ಅದಕ್ಕೆ ಮರದ ರಾಶಿ, ಕಲ್ಲಿನ ರಾಶಿ, ನೀರಿನ ಅಂಚು ಇವೆಲ್ಲ ಬೇಲಿಯಿಂದ ಕನಿಷ್ಠ 30 ಸೆಂಟಿಮೀಟರ್ ಒಳಗಿರಲಿ.

ಬೇಲಿ ಹಾಕಲಾಗದ ಪೊದೆಗಳಿಗೆ ಬೇರೆ ಉಪಾಯ ಇದೆ. ಪೊದೆಯ ಸುತ್ತ ನೆಲಕ್ಕೆ ತಂತಿ ಜಾಲರಿಯನ್ನು ಮಟ್ಟಸವಾಗಿ ಹಾಸಿ, ಅಂಚಿಗೆ ಮೊಳೆಗಳನ್ನೋ ಭಾರದ ಕಲ್ಲುಗಳನ್ನೋ ಇಟ್ಟು, ಮೇಲೆ ಎಲೆ ಹರಡಿ. ಮೇಲಿನ ಎಲೆಯನ್ನು ಕೋಳಿ ಚದುರಿಸೀತು, ಆದರೆ ಮಣ್ಣಿಗೆ ಕಾಲು ಹಾಕಲಾಗುವುದಿಲ್ಲ. ಎರೆಹುಳು, ದುಂಬಿ, ಜರಿಗಳು ಕೆಳಗೆ ನೆಮ್ಮದಿಯಾಗಿರುತ್ತವೆ. 2.5 ಸೆಂಟಿಮೀಟರ್ ಕಣ್ಣಾದರೆ ಕೋಳಿಯ ಉಗುರೂ ಸಿಕ್ಕಿಬೀಳುವುದು ಕಡಿಮೆ. ಚೂಪು ತುದಿಗಳನ್ನು ಕೆಳಗೆ ಮಡಚಿ. ಗಿಡದ ಕಾಂಡ ದಪ್ಪವಾದ ಹಾಗೆ ಅದರ ಸುತ್ತಲಿನ ತಂತಿಯನ್ನು ಕತ್ತರಿಸಿ ಅಗಲ ಮಾಡುತ್ತಿರಿ.

ಹಂತ 4: ಬಿಡುವ ಹೊತ್ತು

ಬೆಳಗಾದ ಕೂಡಲೇ ಗೂಡಿನ ಬಾಗಿಲು ತೆಗೆಯುವುದು ಎಲ್ಲರ ರೂಢಿ. ಕಾಡುಜೀವಿಗಳ ಮಟ್ಟಿಗೆ ಇದಕ್ಕಿಂತ ಕೆಟ್ಟ ಹೊತ್ತು ಬೇರೆ ಇಲ್ಲ. ಕೋಳಿ ರಾತ್ರಿಯೆಲ್ಲ ಉಪವಾಸ ಇದ್ದು ಎದ್ದಿರುತ್ತದೆ. ನೆಲಗಪ್ಪೆಗಳು, ಎರೆಹುಳುಗಳು ಇನ್ನೂ ಪೂರ್ತಿ ಅಡಗಿರುವುದಿಲ್ಲ. ಹಾವುರಾಣಿ, ಓತಿಗಳ ಮೈ ತಣ್ಣಗಿರುತ್ತದೆ. ಬಿಸಿಲು ತಾಗುವವರೆಗೆ ಅವಕ್ಕೆ ಜೋರಾಗಿ ಓಡಲು ಆಗುವುದಿಲ್ಲ. ಹಸಿದ ಕೋಳಿಗೆ ಓಡಲಾಗದ ಬೇಟೆ ಸಿಕ್ಕಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ.

ಮಧ್ಯಾಹ್ನದ ನಂತರ ಬಿಡಿ. ಅಷ್ಟೊತ್ತಿಗೆ ಕೋಳಿ ತನ್ನ ಮೇವು ತಿಂದಿರುತ್ತದೆ. ಹೆಚ್ಚಿನ ಹೇಂಟೆಗಳು ಬೆಳಗಿನ ಹೊತ್ತಲ್ಲೇ ಮೊಟ್ಟೆ ಇಡುವುದರಿಂದ ಮೊಟ್ಟೆ ಗೂಡಿನಲ್ಲೇ ಸಿಗುತ್ತದೆ, ಪೊದೆಗಳಲ್ಲಿ ಹುಡುಕಬೇಕಿಲ್ಲ. ಓತಿ, ಹಾವುರಾಣಿಗಳ ಮೈ ಬಿಸಿಯೇರಿ ಚುರುಕಾಗಿರುತ್ತವೆ. ಕಪ್ಪೆಗಳು ಆಳದ ನೆರಳು ಸೇರಿರುತ್ತವೆ.

ಮತ್ತೆ ಒಳಗೆ ಸೇರಿಸುವುದು ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ. ಕತ್ತಲಾದರೆ ಅವೇ ಗೂಡಿಗೆ ಬರುತ್ತವೆ, ನಿಜ. ಆದರೆ ಮುಸ್ಸಂಜೆಗೆ ಮುಂಚೆ ಕೋಳಿ ಹೊಟ್ಟೆ ತುಂಬಿಸಿಕೊಳ್ಳಲು ಅವಸರದಲ್ಲಿರುತ್ತದೆ. ನೆಲಗಪ್ಪೆ ಹೊರಗೆ ಬರಲು ಶುರುಮಾಡುವುದೂ ಅದೇ ಹೊತ್ತಿಗೆ. ಈ ಎರಡೂ ಸೇರಬಾರದು. ಕರೆದಾಗ ಬರುವ ಅಭ್ಯಾಸ ಮಾಡಿಸುವುದು ಕಷ್ಟವಲ್ಲ. ದಿನಾ ಒಂದೇ ಸದ್ದು ಮಾಡಿ, ಡಬ್ಬ ಅಲ್ಲಾಡಿಸಿ, ಗೂಡಿನೊಳಗೆ ಒಂದು ಹಿಡಿ ಕಾಳು ಹಾಕಿ. ಕೆಲವೇ ದಿನದಲ್ಲಿ ಓಡಿ ಬರುತ್ತವೆ. ಹೊರಗೆ ಕಾಳು ಎಸೆದು ಕರೆಯಬೇಡಿ.

ಎರಡು ಗಂಟೆ ಬಿಟ್ಟರೆ ಕೋಳಿಗೂ ಖುಷಿ, ನೆಲಕ್ಕೂ ತಡೆಯುತ್ತದೆ. ಕೆಲವು ದಿನ ಬಿಡದೇ ಇರುವುದೇ ಒಳ್ಳೆಯದು. ಒಣಗಿದ ನೆಲಕ್ಕೆ ಮೊದಲ ಜೋರು ಮಳೆ ಬಿದ್ದ ದಿನ ಮತ್ತು ಅದರ ಮಾರನೇ ದಿನ ಕಪ್ಪೆಗಳು ಮೊಟ್ಟೆಯಿಡಲು ನೀರಿನ ಕಡೆ ಹೊರಟಿರುತ್ತವೆ. ಹಕ್ಕಿಮರಿಗಳು ಗೂಡು ಬಿಟ್ಟು ನೆಲದಲ್ಲಿ ಕುಪ್ಪಳಿಸುವ ಒಂದೆರಡು ವಾರ. ಚಳಿ ಜಾಸ್ತಿ ಇರುವ ಊರಾದರೆ, ಚಳಿ ಮುಗಿದು ಜೀವಿಗಳು ನಿದ್ದೆಯಿಂದ ಎದ್ದು ಮಂಕಾಗಿ ಓಡಾಡುವ ಮೊದಲ ದಿನಗಳು. ಈ ದಿನಗಳಲ್ಲಿ ಬಾಗಿಲು ಮುಚ್ಚಿರಲಿ.

ಹಂತ 5: ಕೆದಕಲು ಅವಕ್ಕೇ ಒಂದು ಜಾಗ

ಹೊಟ್ಟೆ ತುಂಬಿದರೆ ಕೋಳಿ ಕೆದಕುವುದು ಬಿಡುತ್ತದೆ ಅಂತ ಅಂದುಕೊಳ್ಳಬೇಡಿ. ಪಕ್ಕದಲ್ಲೇ ತಟ್ಟೆ ತುಂಬ ಮೇವಿದ್ದರೂ ಕೋಳಿ ಕೆದಕಿ ಹುಡುಕಿ ತಿನ್ನುವುದನ್ನು ಬಯಸುತ್ತದೆ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುವವರು ಇದನ್ನು ಮತ್ತೆ ಮತ್ತೆ ನೋಡಿದ್ದಾರೆ. ಹಾಗಾಗಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒಳಗಿಡುವುದಾದರೆ ಒಳಗೆ ಕೆಲಸ ಇರಬೇಕು. ಬರೀ ಗಟ್ಟಿ ನೆಲದಲ್ಲಿ ಕೂಡಿಹಾಕಿದರೆ ಒಂದಕ್ಕೊಂದು ಗರಿ ಕೀಳುತ್ತವೆ. ಕಾಡುಜೀವಿಗಳ ಹೆಸರಿನಲ್ಲಿ ಕೋಳಿಗೆ ಹಿಂಸೆ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಗೂಡಿನ ಮುಂದಿನ ಅಂಗಳಕ್ಕೆ ಚಾವಣಿ ಹಾಕಿ, ನೆಲದ ಮೇಲೆ 15ರಿಂದ 30 ಸೆಂಟಿಮೀಟರ್ ದಪ್ಪಕ್ಕೆ ಹುಲ್ಲು, ಮರದ ಚಕ್ಕೆ, ಒಣ ಎಲೆ ತುಂಬಿ. ಬೆಳಗ್ಗೆ ಒಂದು ಹಿಡಿ ಕಾಳನ್ನು ಅದರಲ್ಲಿ ಎರಚಿ. ಅವು ಗಂಟೆಗಟ್ಟಲೆ ಕೆದಕುತ್ತವೆ. ತೇವವಾದಾಗ ಮಗುಚಿ, ಮೇಲೆ ಹೊಸ ಒಣ ಪದರ ಹಾಕಿ. ಕೆಲವು ತಿಂಗಳಲ್ಲಿ ತಳದಲ್ಲಿ ಒಳ್ಳೆಯ ಗೊಬ್ಬರ ಸಿಗುತ್ತದೆ.

ಆ ಎಲೆಯನ್ನು ಎಲ್ಲಿಂದ ತರುತ್ತೀರಿ ಅನ್ನುವುದು ಮುಖ್ಯ. ಪೊದೆಯಡಿಯ ಹಳೆಯ ತರಗೆಲೆಯನ್ನು ಬಾಚಿ ತಂದು ಹಾಕಿದರೆ ಅದರಲ್ಲಿದ್ದ ಕೋಶ, ಜೇಡದ ಮೊಟ್ಟೆಚೀಲ, ಹುಳುಗಳನ್ನೆಲ್ಲ ನಾವೇ ಹೊತ್ತು ತಂದು ಕೋಳಿಯ ಬಾಯಿಗೆ ಕೊಟ್ಟ ಹಾಗೆ. ಚಾವಣಿ ಮೇಲೆ, ಗಟ್ಟಿ ಅಂಗಳದ ಮೇಲೆ, ದಾರಿಯ ಮೇಲೆ ಆಗತಾನೆ ಬಿದ್ದ ಎಲೆ ತನ್ನಿ.

ಮೇವಿನ ಬಗ್ಗೆಯೂ ಒಂದು ಮಾತು. ಮೊಟ್ಟೆಯಿಡುವ ಕೋಳಿಗೆ 16ರಿಂದ 18 ಶೇಕಡಾ ಪ್ರೋಟೀನ್ ಇರುವ ಮೇವು ದಿನಕ್ಕೆ ಸುಮಾರು 110ರಿಂದ 130 ಗ್ರಾಂ ಬೇಕು. ಬರೀ ಕಾಳು, ಅಡುಗೆಮನೆಯ ಉಳಿಕೆ ಕೊಟ್ಟು ಉಳಿದದ್ದನ್ನು ಹಿತ್ತಲಲ್ಲಿ ಹುಡುಕಿಕೊಳ್ಳಲಿ ಅಂತ ಬಿಟ್ಟರೆ, ಆ ಕೊರತೆ ತುಂಬುವುದು ನಿಮ್ಮ ಹಿತ್ತಲಿನ ಜೀವಿಗಳೇ. ವರ್ಷಕ್ಕೊಮ್ಮೆ ಗರಿ ಉದುರಿಸಿ ಹೊಸದು ಬೆಳೆಸುವಾಗ ಪ್ರೋಟೀನ್ ಇನ್ನೂ ಜಾಸ್ತಿ ಬೇಕು. ಗರಿಯಲ್ಲಿ ಇರುವುದು ಬಹುಪಾಲು ಪ್ರೋಟೀನೇ. ಆ ದಿನಗಳಲ್ಲಿ ಮೇವನ್ನು ಬಲಪಡಿಸಿ, ಹೊರಗೆ ಬಿಡುವ ಹೊತ್ತನ್ನು ಕಡಿಮೆ ಮಾಡಿ.

ಹಂತ 6: ಮಣ್ಣುಸ್ನಾನ ಮತ್ತು ನೆಲದ ಜೇನ್ನೊಣಗಳು

ಇದನ್ನು ಯಾರೂ ಹೇಳುವುದಿಲ್ಲ, ಆದರೆ ನನಗೆ ಬಹಳ ಮುಖ್ಯ ಅನಿಸುತ್ತದೆ. ಜೇನ್ನೊಣ ಅಂದರೆ ನಮಗೆ ಹುಟ್ಟಿ ಕಟ್ಟುವ ಜೇನು ನೆನಪಾಗುತ್ತದೆ. ಆದರೆ ಜಗತ್ತಿನ ಜೇನ್ನೊಣಗಳಲ್ಲಿ ಸುಮಾರು 70 ಶೇಕಡಾ ಜಾತಿಗಳು ನೆಲದಲ್ಲಿ ಬಿಲ ಕೊರೆದು ಗೂಡು ಮಾಡುತ್ತವೆ. ಒಂದೊಂದು ಹೆಣ್ಣೂ ತನ್ನದೇ ಬಿಲ ಕೊರೆದು, ಪರಾಗದ ಉಂಡೆ ಇಟ್ಟು, ಮೊಟ್ಟೆಯಿಟ್ಟು ಮುಚ್ಚುತ್ತದೆ. ಮರಿಗಳು ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ಅವಕ್ಕೆ ಬೇಕಾದದ್ದು ಬಿಸಿಲು ಬೀಳುವ, ಒಣಗಿದ, ಗಿಡವಿಲ್ಲದ, ನೀರು ನಿಲ್ಲದ ಮಣ್ಣು. ಕೋಳಿ ಮಣ್ಣುಸ್ನಾನಕ್ಕೆ ಹುಡುಕುವುದೂ ಅಂಥದ್ದೇ ಜಾಗ. ನಾಲ್ಕಾರು ಕೋಳಿ ಹೊರಳಾಡಿದರೆ ಒಂದೇ ವಾರದಲ್ಲಿ ಅಲ್ಲೊಂದು ಗುಂಡಿ ಬೀಳುತ್ತದೆ, ಬಿಲಗಳೆಲ್ಲ ಹೋಗುತ್ತವೆ. ನಿಮ್ಮ ಗಿಡಗಳಿಗೆ ಪರಾಗಸ್ಪರ್ಶ ಮಾಡುವವರು ಹೀಗೆ ಸದ್ದಿಲ್ಲದೆ ಇಲ್ಲವಾಗುತ್ತಾರೆ.

ಇದಕ್ಕೆ ಪರಿಹಾರ ಸುಲಭ. ಕೋಳಿಯ ಅಂಗಳದೊಳಗೆ, ಮಳೆ ತಾಗದ ಕಡೆ, 60 ಸೆಂಟಿಮೀಟರ್ ಚೌಕದ, 20ರಿಂದ 30 ಸೆಂಟಿಮೀಟರ್ ಆಳದ ಪೆಟ್ಟಿಗೆ ಇಡಿ. ಒಣ ಮಣ್ಣು ಮತ್ತು ಮರಳು ಬೆರೆಸಿ ತುಂಬಿ. ಬಿಸಿಲು ಸ್ವಲ್ಪ ಬೀಳುವಂತಿದ್ದರೆ ಅವು ಅದನ್ನೇ ಇಷ್ಟಪಡುತ್ತವೆ. ಕೋಳಿ ಜಾಸ್ತಿ ಇದ್ದರೆ ಪೆಟ್ಟಿಗೆಯೂ ಜಾಸ್ತಿ ಇರಲಿ. ಹೊರಗಿನ ಒಂದೆರಡು ಒಣ ನೆಲದ ತುಂಡುಗಳನ್ನು ಬೇಲಿಯೊಳಗೆ ಸೇರಿಸಿ, ಅಥವಾ 2.5 ಸೆಂಟಿಮೀಟರ್ ಕಣ್ಣಿನ ಜಾಲರಿಯನ್ನು ಚೌಕಟ್ಟಿಗೆ ಹೊಡೆದು ನೆಲದಿಂದ ಸ್ವಲ್ಪ ಮೇಲೆ ಕೂರಿಸಿ. ನೊಣಗಳು ಆ ಕಣ್ಣಿನಲ್ಲಿ ಆರಾಮಾಗಿ ಬಂದು ಹೋಗುತ್ತವೆ.

ಹಂತ 7: ನೀರು

ಹೊಂಡ ಇದ್ದರೆ ಅದು ಬೇಲಿಯೊಳಗೇ ಇರಬೇಕು. ಕೋಳಿ ಅಂಚಿನಲ್ಲಿ ನಿಂತು ಗೊದಮೊಟ್ಟೆಗಳನ್ನು ಹೆಕ್ಕುತ್ತದೆ. ದಡದ ಗಿಡಗಳನ್ನು ತುಳಿದು ಕೆಸರು ಮಾಡುತ್ತದೆ. ಹಿಕ್ಕೆ ನೀರಿಗೆ ಸೇರಿದರೆ ಪಾಚಿ ಉಕ್ಕುತ್ತದೆ. ಕಪ್ಪೆ ಚರ್ಮದ ಮೂಲಕವೂ ನೀರು ಮತ್ತು ಗಾಳಿಯನ್ನು ಒಳಗೆ ತೆಗೆದುಕೊಳ್ಳುವ ಜೀವಿ, ಹೊಲಸು ನೀರು ಅದನ್ನು ನೇರವಾಗಿ ತಟ್ಟುತ್ತದೆ. ಗೂಡನ್ನೂ ಗೊಬ್ಬರದ ಗುಂಡಿಯನ್ನೂ ಹೊಂಡದ ಮೇಲ್ಗಡೆ ಇಳಿಜಾರಿನಲ್ಲಿ ಕಟ್ಟಬೇಡಿ.

ಹೊಂಡಕ್ಕೆ ಪೂರ್ತಿ ಬೇಲಿ ಕಷ್ಟ ಅಂದರೆ ಗೊದಮೊಟ್ಟೆಗಳ ಕಾಲು ನೋಡುತ್ತಿರಿ. ಮೊದಲು ಹಿಂಗಾಲು ಬರುತ್ತದೆ, ಆಗ ಇನ್ನೂ ಸಮಯವಿದೆ. ಮುಂಗಾಲು ಕಂಡಿತು ಅಂದರೆ ಇನ್ನು ಕೆಲವೇ ದಿನಗಳಲ್ಲಿ ಬಾಲ ಕರಗಿ ಮರಿಗಪ್ಪೆಗಳು ದಡ ಹತ್ತುತ್ತವೆ. ಉಗುರಿನಷ್ಟು ಗಾತ್ರದ ಮರಿಗಳು ನೂರಾರು ಒಟ್ಟಿಗೆ ಹೊರಡಬಹುದು. ಅವೆಲ್ಲ ಚದುರಿ ಹೋಗುವವರೆಗೆ ಎರಡು ವಾರ ಕೋಳಿಯನ್ನು ಆ ಕಡೆ ಬಿಡಬೇಡಿ.

ಕೋಳಿಗಿಡುವ ಬಕೆಟ್ಟಿನಲ್ಲೂ ಅಪಾಯ ಇದೆ. ನುಣುಪಾದ ಆಳದ ಪಾತ್ರೆಗೆ ಬಿದ್ದ ಓತಿ, ಹಕ್ಕಿಮರಿ ಮೇಲೆ ಬರಲಾರದೆ ಮುಳುಗುತ್ತವೆ. ಒಳಗೆ ಒಂದು ಒರಟು ಕಲ್ಲು ನಿಲ್ಲಿಸಿ.

ಹಂತ 8: ಎಷ್ಟು ಕೋಳಿ, ಎಂಥ ಕೋಳಿ

ಬಿಟ್ಟು ಸಾಕಿದ ಕೋಳಿಯ ಮೊಟ್ಟೆ ಅಂತ ಮಾರಲು ಯುರೋಪ್ ಒಕ್ಕೂಟದ ನಿಯಮದಲ್ಲಿ ಪ್ರತಿ ಕೋಳಿಗೆ ಕನಿಷ್ಠ 4 ಚದರ ಮೀಟರ್ ಬಯಲು ಬೇಕು, ಅಂದರೆ ಒಂದು ಹೆಕ್ಟೇರಿಗೆ 2,500 ಕೋಳಿ. ಅದು ಕೋಳಿಯ ಹಿತಕ್ಕಾಗಿ ಮಾಡಿದ ಕನಿಷ್ಠ ಅಳತೆ. ನೆಲದ ಹಸಿರು ಮತ್ತು ಅದರೊಳಗಿನ ಜೀವಿಗಳು ಉಳಿಯಬೇಕಾದರೆ ಅದರ ಹಲವು ಪಟ್ಟು ಬೇಕು. ನಿಮ್ಮ ನೆಲವೇ ಇದನ್ನು ಹೇಳುತ್ತದೆ. ಹುಲ್ಲು ಹೋಗಿ ಮಣ್ಣು ಕಾಣಲು ಶುರುವಾಯಿತು ಅಂದರೆ ಕೋಳಿ ಜಾಸ್ತಿಯಾಗಿದೆ, ಅಥವಾ ಬಿಡುವ ಹೊತ್ತು ಜಾಸ್ತಿಯಾಗಿದೆ. ಬಿಡುವ ಜಾಗವನ್ನು ಎರಡು ಮೂರು ಭಾಗ ಮಾಡಿ, ಒಂದರಲ್ಲಿ ಬಿಟ್ಟಾಗ ಉಳಿದವು ಹಲವು ವಾರ ಸುಧಾರಿಸಿಕೊಳ್ಳಲಿ.

ಕಾಲಿಗೆ ಗರಿ ಇರುವ ತಳಿಗಳು, ಕೊಚಿನ್, ಬ್ರಹ್ಮ, ಸಿಲ್ಕಿಯಂಥವು, ಸಾಮಾನ್ಯವಾಗಿ ಕಡಿಮೆ ಕೆದಕುತ್ತವೆ. ಹಗುರ ಮೈಯ ಚುರುಕು ತಳಿಗಳು ದೂರ ಹೋಗುತ್ತವೆ, ಜಾಸ್ತಿ ಬೇಟೆಯಾಡುತ್ತವೆ. ಮರಿ ಕಟ್ಟಿಕೊಂಡ ತಾಯಿಕೋಳಿಗಂತೂ ಬಿಡುವೇ ಇಲ್ಲ. ಮರಿಗಳಿಗೆ ಹುಳು ತೋರಿಸಲು ಬೆಳಗಿನಿಂದ ಸಂಜೆವರೆಗೆ ಕೆದಕುತ್ತದೆ. ಮರಿಗಳು 5 ಸೆಂಟಿಮೀಟರ್ ಜಾಲರಿಯಲ್ಲಿ ನುಸುಳುತ್ತವೆ ಬೇರೆ. ಅವು ದೊಡ್ಡವಾಗುವವರೆಗೆ ತಾಯಿ ಮರಿಗಳು ಅಂಗಳದಲ್ಲೇ ಇರಲಿ. ಮರಿಗಳಿಗೂ ಅದೇ ಕ್ಷೇಮ.

ಹಂತ 9: ಇಲಿ, ಹಕ್ಕಿ, ರೋಗ

ಚೆಲ್ಲಿದ ಮೇವು ಇಲಿಗಳನ್ನು ಕರೆಯುತ್ತದೆ. ಇಲಿಗಳು ಹಕ್ಕಿಗೂಡಿನ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ. ಆಮೇಲೆ ಜನ ಇಲಿಪಾಷಾಣ ಇಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಓಡಾಡುತ್ತದೆ. ಅದನ್ನು ಗೂಬೆ ಹಿಡಿಯುತ್ತದೆ, ಹಾವು ಹಿಡಿಯುತ್ತದೆ, ಕೋಳಿಯೂ ಕುಕ್ಕೀತು. ವಿಷ ಅವುಗಳ ಹೊಟ್ಟೆಗೂ ಹೋಗುತ್ತದೆ. ವಿಷವನ್ನು ಹಿತ್ತಲಿಗೇ ತರಬೇಡಿ. ಕೋಳಿ ಮೆಟ್ಟಿದಾಗ ಮಾತ್ರ ಮುಚ್ಚಳ ತೆರೆಯುವ ಮೇವಿನ ಡಬ್ಬ ಇಡಿ, ರಾತ್ರಿ ಮೇವು ಹೊರಗಿಡಬೇಡಿ, ಮೊಟ್ಟೆಯನ್ನು ದಿನಾ ಎತ್ತಿ.

ಕಾಡುಹಕ್ಕಿಗಳಿಗೆ ಕಾಳು, ನೀರು ಇಡುವವರು ಅದನ್ನು ಕೋಳಿಯ ಜಾಗದಿಂದ ದೂರ ಇಡಿ. ರೋಗ ಎರಡು ಕಡೆಗೂ ಹರಡುತ್ತದೆ. ಹಕ್ಕಿಜ್ವರ ಕಾಡುಹಕ್ಕಿಯಿಂದ ಕೋಳಿಗೆ ಬರುವುದು ಎಲ್ಲರಿಗೂ ಗೊತ್ತು. ಉಲ್ಟಾ ಆಗಿದ್ದೂ ಇದೆ. ಕೋಳಿಗಳಿಗೆ ಉಸಿರಾಟದ ಕಾಯಿಲೆ ತರುವ ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ಅನ್ನುವ ಬ್ಯಾಕ್ಟೀರಿಯಾ 1994ರಲ್ಲಿ ಅಮೆರಿಕದ ಪೂರ್ವ ಭಾಗದ ಹೌಸ್ ಫಿಂಚ್ ಹಕ್ಕಿಗಳಲ್ಲಿ ಕಾಣಿಸಿತು. ಕಣ್ಣು ಊದಿ, ಕುರುಡಾಗಿ, ಅಪಾರ ಸಂಖ್ಯೆಯ ಹಕ್ಕಿಗಳು ಸತ್ತವು. ಕೋಳಿಗೆ ಕಾಯಿಲೆ ಬಂದ ಕೂಡಲೇ ಒಳಗೆ ಮುಚ್ಚಿ, ಕಾಡುಹಕ್ಕಿಗಳಿಗೆ ಕಾಳು ಇಡುವುದನ್ನೂ ನಿಲ್ಲಿಸಿ.

ಕೋಳಿಯ ಹೇನಿಗೆ ಬಳಸುವ ಪರ್ಮೆತ್ರಿನ್ ಪುಡಿ ಜೇನ್ನೊಣಕ್ಕೂ ನೀರಿನ ಜೀವಿಗಳಿಗೂ ವಿಷ. ಗೂಡಿನೊಳಗೆ ಮಾತ್ರ, ಹೇಳಿದಷ್ಟೇ ಬಳಸಿ. ಹಿತ್ತಲಿನ ನೆಲಕ್ಕೆ ಉದುರಿಸಬೇಡಿ.

ಹಂತ 10: ಕೋಳಿಯ ಬಾಯಿಯಿಂದ ಬಿಡಿಸಿದ ಜೀವಿಗೆ ಏನು ಮಾಡಬೇಕು

ಕೋಳಿಯನ್ನು ಅಟ್ಟಿಸಿಕೊಂಡು ಓಡಿದರೆ ಅದು ಇನ್ನೂ ಬೇಗ ನುಂಗುತ್ತದೆ. ಬೇರೆ ಕಡೆ ಕಾಳು ಎಸೆಯಿರಿ, ಬಾಯಲ್ಲಿದ್ದದ್ದನ್ನು ಬಿಟ್ಟು ಬರುವುದುಂಟು.

ಕಪ್ಪೆಯಾದರೆ ಒದ್ದೆ ಕೈಯಲ್ಲೇ ಹಿಡಿಯಿರಿ, ಒಣ ಕೈ ಅದರ ಚರ್ಮಕ್ಕೆ ಒಳ್ಳೆಯದಲ್ಲ. ತೂತಿರುವ ಡಬ್ಬದಲ್ಲಿ ಒದ್ದೆ ಬಟ್ಟೆಯ ಮೇಲೆ ನೆರಳಲ್ಲಿಡಿ. ಚುರುಕಾಗಿದ್ದರೆ ಸಂಜೆ ಬೇಲಿಯೊಳಗೆ ಬಿಡಿ. ಹಾವುರಾಣಿ ಬಾಲ ಕಳಚಿಕೊಂಡಿದ್ದರೆ ಗಾಬರಿ ಬೇಡ, ಬಾಲ ಮತ್ತೆ ಬೆಳೆಯುತ್ತದೆ. ಕಲ್ಲಿನ ರಾಶಿಯ ಹತ್ತಿರ ಬಿಟ್ಟರೆ ಸಾಕು. ಹಾವಾದರೆ ಕೈ ಹಾಕಬೇಡಿ. ಕೋಳಿಗಳನ್ನು ಒಳಗೆ ಸೇರಿಸಿ ದೂರ ನಿಲ್ಲಿ, ಅದೇ ಹೋಗುತ್ತದೆ.

ಹಕ್ಕಿಮರಿಗೆ ಗರಿ ಬಂದಿದ್ದು ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ಹತ್ತಿರದ ಪೊದೆಯೊಳಗೆ ಸ್ವಲ್ಪ ಎತ್ತರದಲ್ಲಿ ಕೂರಿಸಿ, ತಾಯಿ ಹುಡುಕಿಕೊಂಡು ಬರುತ್ತದೆ. ಗರಿಯಿಲ್ಲದ ಮರಿಯಾದರೆ ಗೂಡಿಗೆ ಮರಳಿಸಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸಿಕೊಳ್ಳುವುದಿಲ್ಲ ಅನ್ನುವುದು ತಪ್ಪು. ಗಾಯವಾಗಿ ರಕ್ತ ಬರುತ್ತಿದ್ದರೆ ಮಾತ್ರ ಕತ್ತಲೆಯ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ನೀರು ಬಾಯಿಗೆ ಹುಯ್ಯದೆ, ಪಶುವೈದ್ಯರನ್ನೋ ಕಾಡುಜೀವಿ ರಕ್ಷಕರನ್ನೋ ಸಂಪರ್ಕಿಸಿ.

ಹಂತ 11: ಕೆಲಸ ಮಾಡುತ್ತಿದೆಯೇ ಅಂತ ತಿಳಿಯುವುದು

ಅಂದಾಜಿನಲ್ಲಿ ಇರಬೇಡಿ. 50 ಸೆಂಟಿಮೀಟರ್ ಚೌಕದ ನಾಲ್ಕು ಹಳೆಯ ಮರದ ಹಲಗೆ ತೆಗೆದುಕೊಳ್ಳಿ. ಎರಡನ್ನು ಬೇಲಿಯೊಳಗೆ, ಎರಡನ್ನು ಕೋಳಿ ಬಿಡುವ ಕಡೆ ನೆಲದ ಮೇಲೆ ಮಲಗಿಸಿ, ಮೇಲೆ ಕಲ್ಲು ಹೇರಿ. ಎರಡು ವಾರಕ್ಕೊಮ್ಮೆ, ಕೋಳಿ ಒಳಗಿರುವಾಗ, ನಿಧಾನಕ್ಕೆ ಎತ್ತಿ ನೋಡಿ. ಹಲಗೆಯನ್ನು ನಿಮ್ಮ ಕಡೆಗೆ ಎತ್ತಿ. ಕೆಳಗೆ ಹಾವಿದ್ದರೆ ನಡುವೆ ಹಲಗೆ ಅಡ್ಡ ಇರುತ್ತದೆ. ಎರೆಹುಳು, ಜರಿ, ದುಂಬಿ, ಜೇಡ, ಕಪ್ಪೆ, ಹಾವುರಾಣಿ, ಎಷ್ಟೆಷ್ಟು ಅಂತ ಬರೆದಿಟ್ಟು, ಹಲಗೆಯನ್ನು ಮೆಲ್ಲಗೆ ಇಳಿಸಿ. ಇಳಿಸುವ ಮೊದಲು ಕಪ್ಪೆ, ಹಾವುರಾಣಿಗಳನ್ನು ಪಕ್ಕಕ್ಕೆ ಸರಿಸಿ, ಹಲಗೆಯಡಿ ಅವು ಮತ್ತೆ ತಾವೇ ಸೇರುತ್ತವೆ.

ಬೇಲಿಯೊಳಗಿನ ಲೆಕ್ಕ ಕೆಲವು ತಿಂಗಳಲ್ಲಿ ಏರಬೇಕು. ಮೊದಲು ಬರುವುದು ಎರೆಹುಳು, ಜೇಡಗಳು. ಕಪ್ಪೆ, ಹಾವುರಾಣಿಗಳಿಗೆ ಒಂದೆರಡು ವರ್ಷವೇ ಬೇಕಾಗಬಹುದು. ಒಳಗೂ ಲೆಕ್ಕ ಏರದಿದ್ದರೆ ಬೇಲಿಯಲ್ಲಿ ಎಲ್ಲೋ ಕೋಳಿ ನುಗ್ಗುತ್ತಿದೆ, ಅಥವಾ ಒಳಗೆ ತೇವ, ನೆರಳು ಸಾಲದು. ಹೊರಗಿನ ಹಲಗೆಗಳಡಿ ಏನೂ ಇಲ್ಲದೆ ಬರೀ ಗಟ್ಟಿ ಮಣ್ಣು ಸಿಕ್ಕರೆ ಆ ಭಾಗಕ್ಕೆ ಕೆಲವು ವಾರ ರಜೆ ಕೊಡಿ, ಕೋಳಿಯನ್ನು ಮುಂದಿನ ಭಾಗಕ್ಕೆ ಬಿಡಿ. ಗುರುತು ಹಾಕಿದ ನಕ್ಷೆಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಬರೆದು, ಬೇಲಿಯನ್ನು ಇನ್ನೆರಡು ಹೆಜ್ಜೆ ಆಚೆಗೆ ಸರಿಸಲು ಜಾಗ ಇದೆಯೇ ಅಂತ ನೋಡಿ.